ಧೂಳೆಂದು ಒರೆಸಿದ ಚುಕ್ಕೆ

ಜೂನ್ ತಿಂಗಳ ಎರಡನೇ ಮಂಗಳವಾರ, ಬೆಳಿಗ್ಗೆ ಆರೂಕಾಲು. ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ಕುಳಿತು ಇದನ್ನು ಬರೆಯಲು ಆರಂಭಿಸಿದ್ದೇನೆ. ಜನವರಿಯಲ್ಲಿ ನಡೆದದ್ದರ ಬಗ್ಗೆ ನನ್ನ ದಿನಚರಿಯಲ್ಲಿ ಎರಡೇ ಸಾಲುಗಳಿವೆ. ಕಣ್ಣಿಗೆ ವಿಶ್ರಾಂತಿ ಬೇಕೆಂದು ಆಗ ಹೆಚ್ಚು ಬರೆಯಲಿಲ್ಲ. ಉಳಿದದ್ದನ್ನು ಮರೆಯುವ ಮೊದಲು ಬರೆದಿಡಬೇಕು.

ಮೂರು ವರ್ಷಗಳಿಂದ ನಾನು ವಿಶ್ವವಿದ್ಯಾಲಯವೊಂದರ ಅಕ್ಷಿಪಟಲ ಸಂಶೋಧನಾ ಪ್ರಯೋಗಾಲಯದಲ್ಲಿ ಸಹಾಯಕಿ. ಅಕ್ಷಿಪಟಲವೆಂದರೆ ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ತೆಳ್ಳನೆಯ ಪೊರೆ. ನಾವು ನೋಡುವುದೆಲ್ಲ ಮೂಡುವುದು ಅದರ ಮೇಲೆ. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ಆ ಪೊರೆ ಹೇಗೆ ಬದಲಾಗುತ್ತದೆ ಎಂಬುದು ನಮ್ಮ ಅಧ್ಯಯನ. ಅದಕ್ಕಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲ್ಲೂಕುಗಳ ಊರೂರಿಗೆ ಜೀಪಿನಲ್ಲಿ ಕ್ಯಾಮೆರಾ ಕಟ್ಟಿಕೊಂಡು ಹೋಗುತ್ತೇವೆ.

ಯಾವ ಊರಿಗೆ ಹೋದರೂ ಮೊದಲ ಚಿತ್ರ ನಮ್ಮವರದೇ ಆಗಬೇಕು ಎಂಬುದು ಪ್ರಯೋಗಾಲಯದ ಪದ್ಧತಿ. ಜೀಪಿನ ಕುಲುಕಾಟಕ್ಕೆ ಕ್ಯಾಮೆರಾ ಕೆಟ್ಟಿದೆಯೇ ಎಂದು ತಿಳಿಯಲು ನಮ್ಮಲ್ಲೊಬ್ಬರು ಸ್ಟೂಲಿನ ಮೇಲೆ ಕುಳಿತು ಕಣ್ಣು ಕೊಡುತ್ತೇವೆ. ಆ ಚಿತ್ರ ಹಳೆಯ ಚಿತ್ರಕ್ಕೆ ಹೊಂದಿದರೆ ಮಾತ್ರ ಸಾಲಿನಲ್ಲಿದ್ದವರನ್ನು ಕರೆಯುವುದು. ಸೇರಿದ ತಿಂಗಳಿಂದ ಹಾಗೆ ಕೂರುತ್ತಿದ್ದವಳು ನಾನು. ದಪ್ಪ ಕನ್ನಡಕ ಇದ್ದರೂ ಕಣ್ಣಿನ ಒಳಗೋಡೆ ಚೊಕ್ಕವಾಗಿತ್ತು. ನನ್ನ ಎಡಗಣ್ಣಿನ ಚಿತ್ರ ಪ್ರಯೋಗಾಲಯದ ಗೋಡೆಯ ಮೇಲೂ ಇತ್ತು, ಕೆಳಗೆ ‘ಮಾದರಿ’ ಎಂಬ ಚೀಟಿ. ಹೊಸದಾಗಿ ಸೇರಿದವರಿಗೆ ಆರೋಗ್ಯವಂತ ಕಣ್ಣು ಹೀಗಿರುತ್ತದೆ ಎಂದು ಅದನ್ನೇ ತೋರಿಸುತ್ತಿದ್ದರು.

ಜನವರಿಯ ಕೊನೆಯ ವಾರ ನಾವು ಇಂಡಿ ತಾಲ್ಲೂಕಿನ ತಾಂಬಾದ ಶಾಲೆಯೊಂದರ ಕೋಣೆಯಲ್ಲಿದ್ದೆವು. ಎಂದಿನಂತೆ ಕುಳಿತೆ. ಕ್ಯಾಮೆರಾ ನೋಡಿಕೊಳ್ಳುವವರು ಮುದ್ದೇಬಿಹಾಳದವರು, ನಾನು ಅವರಿಗೆ ಅಣ್ಣಾ ಎನ್ನುತ್ತೇನೆ. ಎಡಗಣ್ಣಿನ ಚಿತ್ರ ತೆರೆಯ ಮೇಲೆ ಬಂದ ಕೂಡಲೇ ಅವರು ಮುಖ ಸಿಂಡರಿಸಿದರು.

“ತಂಗಿ, ಲೆನ್ಸಿನ ಮ್ಯಾಲೆ ಏನೋ ಕುಂತೈತಿ.”

ಎದ್ದು ನೋಡಿದೆ. ಮೇಲಿನ ಅಂಚಿನಲ್ಲಿ ಸಣ್ಣದೊಂದು ಕೆಂಪು ಚುಕ್ಕೆ, ಅದರ ಪಕ್ಕದಲ್ಲಿ ಬಿಳಿಚಿದ ಗೆರೆ.

“ಧೂಳ ಇರಬೇಕ್ರಿ ಅಣ್ಣಾ. ಹಾದಿ ಹೆಂಗಿತ್ತು ನೋಡಿದ್ರಿ ಅಲ್ಲ.”

ಒರೆಸಿದರು. ಬಲಗಣ್ಣಿನ ಚಿತ್ರ ತೆಗೆದಾಗ ಚುಕ್ಕೆ ಇರಲಿಲ್ಲ. “ಹೋತು ನೋಡು,” ಎಂದರು. ಮತ್ತೆ ಎಡಗಣ್ಣು ಕೊಟ್ಟೆ. ಚುಕ್ಕೆ ಅಲ್ಲೇ ಇತ್ತು. ಗಾಳಿ ಊದಿ, ಬೇರೆ ಬಟ್ಟೆ ತಂದು, ಲೆನ್ಸ್ ಬಿಚ್ಚಿ ಒರೆಸಿದರು. ಕ್ಯಾಮೆರಾ ಮಾರಿದವರಿಗೆ ಫೋನನ್ನೂ ಮಾಡಿದರು. ಸಾಲಿನಲ್ಲಿ ಮೊದಲಿಗಳಾಗಿ ಕುಳಿತಿದ್ದ ಇಳಿವಯಸ್ಸಿನ ಆಯಿಯೊಬ್ಬಳಿಗೆ ತಾಳ್ಮೆ ಮುಗಿಯಿತು.

“ಏ ತಮ್ಮಾ, ಮುಂಜಾನಿಂದ ಬರೇ ತಿಕ್ಕಾಕತ್ತಿ. ಕಣ್ಣ ನೋಡಾಕ ಬಂದೀಯೋ, ಭಾಂಡೆ ತೊಳ್ಯಾಕ ಬಂದೀಯೋ?”

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಅಣ್ಣಾ ನಗಲಿಲ್ಲ. ಹೊರಗೆ ಬೇವಿನ ನೆರಳಿನಲ್ಲಿ ಕುಳಿತಿದ್ದ ನಮ್ಮ ಜೀಪಿನ ಚಾಲಕರನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿದರು.

“ನನ್ನ ಕಣ್ಣ ಯಾಕ ಬೇಕೋ ಮಾರಾಯಾ? ಏನರ ಸಿಕ್ಕರ ನನ್ನ ಲೈಸನ್ಸ್ ಹೋಗತೈತಿ!”

ಅವರ ಎಡಗಣ್ಣಿನ ಚಿತ್ರ ನಿಚ್ಚಳವಾಗಿ ಬಂತು. ಚುಕ್ಕೆ ಇರಲಿಲ್ಲ.

ಬೇರೆ ಯಾರ ಕಣ್ಣಿನಲ್ಲಿ ಅದು ಕಂಡಿದ್ದರೂ ಅಣ್ಣಾ ಲೆನ್ಸನ್ನು ಮುಟ್ಟುತ್ತಲೇ ಇರಲಿಲ್ಲ, ಮೊದಲು ಕಣ್ಣನ್ನೇ ಶಂಕಿಸುತ್ತಿದ್ದರು. ಆದರೆ ಇದು ನಮ್ಮ ಗೋಡೆಯ ಮೇಲಿನ ಕಣ್ಣು. ಅದು ತಪ್ಪಬಹುದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಅವರು ಮಾಡಿದ ಒಂದು ಕೆಲಸಕ್ಕೆ ನಾನು ಇಂದಿಗೂ ಕೃತಜ್ಞಳು. ನಮ್ಮಲ್ಲಿ ಚಿತ್ರ ಓದುವವರಿಗೆ ಅದು ಯಾರ ಕಣ್ಣೆಂದು ಹೇಳುವುದಿಲ್ಲ. ಸಂಖ್ಯೆ ಮಾತ್ರ ಕೊಡುತ್ತೇವೆ. ಅಣ್ಣಾ ನನ್ನ ಚಿತ್ರವನ್ನೂ ಹಾಗೆಯೇ, ಬರೀ ಸಂಖ್ಯೆ ಹಾಕಿ, ಪ್ರಯೋಗಾಲಯದ ಮುಖ್ಯಸ್ಥೆಗೆ ಕಳಿಸಿದರು. ಹೆಸರು ಕಂಡರೆ ಮೇಡಂ ಕೂಡ ಧೂಳೆಂದೇ ಓದಿಯಾರು ಎಂಬ ಅಳುಕು ಅವರಿಗೆ. ಉತ್ತರ ಬೇಗನೆ ಬಂತು: “ಪೊರೆ ಹರಿದಿದೆ. ಈ ಕಣ್ಣಿನವರನ್ನು ಮನೆಗೆ ಕಳಿಸಬೇಡಿ. ಇವತ್ತೇ ಇಲ್ಲಿಗೆ ಬರಲಿ.”

ಅಣ್ಣಾ ಫೋನ್ ಮಾಡಿದರು. “ಮೇಡಂ, ಆಕಿ ಇಲ್ಲೇ ನನ್ನ ಮುಂದ ನಿಂತಾಳ್ರಿ.”

“ಗೊತ್ತಾತು,” ಎಂದರು ಮೇಡಂ. “ಉತ್ತರ ಕಳಿಸಿದ ಮ್ಯಾಲೆ ಇನ್ನೊಮ್ಮೆ ನೋಡಿದೆ. ರಕ್ತನಾಳದ ಕವಲು ಗ್ವಾಡಿ ಮ್ಯಾಲಿನ ಚಿತ್ರದಾಗಿಂದ, ಆಕಿದ. ಫೋನ್ ಆಕಿಗೆ ಕೊಡ್ರಿ.” ನನಗೆ ಹೇಳಿದ್ದು ಇಷ್ಟು: “ಹೆದರಬ್ಯಾಡ. ಹರಿದದ್ದು ಅಂಚಿನ್ಯಾಗ ಐತಿ. ಆ ತೂತಿನ್ಯಾಗ ಕಣ್ಣೊಳಗಿನ ನೀರ ಹೊಕ್ಕರ ಪೊರಿ ಕಳಚತೈತಿ. ಅದಕ್ಕಿಂತ ಮೊದಲ ಸುತ್ತಲೂ ಲೇಸರಿನಿಂದ ಬೆಸಿಗಿ ಹಾಕಿಬಿಡೂಣು. ಸಾವಕಾಶ ಬಾ.”

ಪೊರೆ ಕಳಚಿದರೆ ಏನಾಗುತ್ತದೆ ಎಂದು ನಾನು ನೂರಾರು ಚಿತ್ರಗಳಲ್ಲಿ ನೋಡಿದ್ದೆ. ಜೀಪಿನಲ್ಲಿ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಹೊರಗೆ ನೋಡುತ್ತ ಕುಳಿತೆ. ತೆನೆ ಬಿಟ್ಟ ಬಿಳಿಜೋಳ, ಬಾವಿಯ ದಂಡೆ, ನಿಂಬೆ ಗಿಡಗಳು, ಎಲ್ಲವೂ ಇದ್ದವು. ಕುಲುಕಾಟ ತಾಗಬಾರದೆಂದು ಚಾಲಕರು ತಗ್ಗುಗಳನ್ನು ಎಷ್ಟು ಮೆಲ್ಲಗೆ ಇಳಿಸಿದರೆಂದರೆ, ಕಬ್ಬು ಹೇರಿದ ಟ್ರ್ಯಾಕ್ಟರ್ ಕೂಡ ನಮ್ಮನ್ನು ಹಿಂದೆ ಹಾಕಿತು.

“ಮಾವಾ, ಜೀಪ ಹೊಂಟೈತೋ ನಿಂತೈತೋ?” ಎಂದು ಅದರ ಹುಡುಗ ಕೂಗಿದ.

“ಒಳಗ ಗಾಜಿನ ಸಾಮಾನ ಐತಿ, ಹೋಗಲೇ!” ಎಂದರು ಇವರು.

ಪ್ರಯೋಗಾಲಯದ ಪಕ್ಕದ ಕಣ್ಣಾಸ್ಪತ್ರೆಯಲ್ಲಿ ಲೇಸರ್ ಚಿಕಿತ್ಸೆ ಅಂದು ಸಂಜೆಯೇ ಆಯಿತು. ವೈದ್ಯರು ಲೇಸರ್ ಹಾಯಿಸುವಾಗ ನನ್ನ ತಲೆ ಕದಲಬಾರದೆಂದು ಮೇಡಂ ಹಿಂದೆ ನಿಂತು ಎರಡೂ ಕೈಗಳಿಂದ ಹಿಡಿದುಕೊಂಡಿದ್ದರು. ಹಸಿರು ಬೆಳಕು ಮಿಂಚಿದಾಗಲೆಲ್ಲ ನನಗಿಂತ ಮೊದಲು ಅವರ ಬೆರಳುಗಳೇ ಬಿಗಿಯುತ್ತಿದ್ದವು. ತಾಂಬಾದಲ್ಲಿ ನನ್ನ ಮೇಜಿನ ಕೆಲಸವನ್ನೂ ತಾವೇ ಮಾಡಿ ಮುಗಿಸಿದ ಅಣ್ಣಾ ಮರುದಿನ ಒಂದು ಚೀಲ ನಿಂಬೆಹಣ್ಣು ತಂದುಕೊಟ್ಟರು. ಆ ಆಯಿ ಕಳಿಸಿದ್ದಂತೆ, ಜೊತೆಗೊಂದು ಮಾತು: “ಕುಡ್ಯಾಕ ಅಂತ ಹೇಳು. ಸಾಲಿ ಕಲ್ತ ಹುಡುಗಿ, ಕಣ್ಣಾಗ ಹಿಂಡಿಕೊಂಡಾಳು.”

ಕೆಲವು ವಾರಗಳ ನಂತರ ಬೆಸುಗೆ ಗಟ್ಟಿಯಾಗಿದೆ ಎಂದರು. ದೃಷ್ಟಿ ಒಂದಿಷ್ಟೂ ಕುಂದಿಲ್ಲ. ಗೋಡೆಯ ಮೇಲೆ ಈಗ ಚಾಲಕರ ಕಣ್ಣಿದೆ. ಸಿಂದಗಿಯ ಶಿಬಿರಗಳಲ್ಲಿ ಮೊದಲು ಕೂರುವವರೂ ಅವರೇ. ಪ್ರತಿ ಸಲವೂ ಚಹಾ ಕೇಳುತ್ತಾರೆ.

ಇನ್ನೊಂದು ವಿಷಯ ನನಗೆ ತಿಳಿದದ್ದು ಆಮೇಲೆ. ಕ್ಯಾಮೆರಾ ಸರಿಯಿದೆಯೇ ಎಂದು ನೋಡಲು ಅದರ ಜೊತೆಗೇ ಒಂದು ಪ್ಲಾಸ್ಟಿಕ್ ಕಣ್ಣು ಕೊಟ್ಟಿರುತ್ತಾರೆ. ನಮ್ಮದು ಪೆಟ್ಟಿಗೆಯಿಂದ ಹೊರಬಂದೇ ಇಲ್ಲ. ಅದನ್ನು ಬಿಟ್ಟು ನಮ್ಮವರ ಕಣ್ಣನ್ನೇ ನೋಡಬೇಕು ಎಂದು ಗೊತ್ತುಮಾಡಿದವರು ಯಾರು ಎಂದು ಮೇಡಂಗೆ ಕೇಳಿದೆ. “ನಾ ಬರೂಕಿಂತ ಮೊದಲಿಂದೂ ಐತಿ,” ಎಂದರಷ್ಟೆ. ಅವರಿಗಿಂತ ಹಿರಿಯರು ಈಗ ಯಾರೂ ಅಲ್ಲಿಲ್ಲ. ಇಂಥ ಪ್ರಯೋಗಾಲಯಗಳಲ್ಲಿ ಹಿಂದೆ ದುಡಿದ ಯಾರಿಗಾದರೂ ಈ ಪದ್ಧತಿ ಎಲ್ಲಿಂದ, ಯಾರಿಂದ ಬಂತೆಂದು ಗೊತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ. ಅದನ್ನು ತಂದವರು ಇದ್ದರೆ ಹೋಗಿ ನೋಡಬೇಕು, ಇಲ್ಲದಿದ್ದರೆ ನನ್ನ ಎಡಗಣ್ಣು ಅದರಿಂದ ಉಳಿಯಿತೆಂದು ಅವರ ಮನೆಯವರಿಗಾದರೂ ಹೇಳಬೇಕು.