ಸೊಪ್ಪು ಎಣಿಸಿದ ಮೂಕಮ್ಮಾಳ್

ಮೂಕಮ್ಮಾಳ್ ಅವರ ಬಗ್ಗೆ ಬರೆಯಲೇಬೇಕು. ನಮ್ಮ ಕಂಬಂ ಕಣಿವೆಯಿಂದ ತಿರುವಾಂಕೂರು ಸೀಮೆಗೆ ಎಷ್ಟು ಜನ ಕೂಲಿಗೆ ಹೋಗಿ ಬರುತ್ತಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ಓದು ಬರಹ ಬಾರದ ಈ ಹೆಂಗಸು ಅದನ್ನು ಸರಿಯಾಗಿ ತಿಳಿಸಿಕೊಟ್ಟರು. ತಮಗೇ ನಷ್ಟವಾಗಬಹುದು ಎಂದು ತಿಳಿದೂ ತಿಳಿಸಿಕೊಟ್ಟರು.

ಅವರು ಹುಟ್ಟಿದ್ದು ಹನುಮಂತನಪಟ್ಟಿಯ ಕನ್ನಡ ಒಕ್ಕಲು ಮನೆಯಲ್ಲಿ. ಮದುವೆಯಾಗಿ ಇದೇ ಕಣಿವೆಯ ಗೂಡಲೂರಿಗೆ ಬಂದರು. ಗಂಡ ತೀರಿದ ಮೇಲೆ ಘಟ್ಟದ ಬುಡದಲ್ಲಿರುವ ಕಾವಲು ದೇವರು ಕರುಪ್ಪನ ಕಲ್ಲಿನ ಸುತ್ತ ಗುಡಿಸುವ ಕೆಲಸ ಹಿಡಿದರು. ಬೆಟ್ಟ ಹತ್ತುವ ಪ್ರತಿಯೊಬ್ಬರೂ ದಾರಿಯಲ್ಲಿ ಒಂದು ಸೊಪ್ಪಿನ ಕಡ್ಡಿ ಮುರಿದು ಆ ಕಲ್ಲಿನ ಮುಂದೆ ಇಟ್ಟು ಹೋಗುತ್ತಾರೆ. ಸಂಜೆ ಆ ಸೊಪ್ಪು ಮೂಕಮ್ಮಾಳ್ ಅವರ ಆಡುಗಳಿಗೆ.

ಘಟ್ಟದ ಬುಡದಲ್ಲಿ ಮಳೆಗೆ ನಿಲ್ಲಲು ಒಂದು ಸೂರಿರಲಿಲ್ಲ. ಹೋದ ವರ್ಷ ಅವರ ಸೊಸೆ ತಂಗಮ್ಮಾಳ್ ಘಟ್ಟದ ಮೇಲೆ ತಿರುವಾಂಕೂರಿನ ತೋಟದಿಂದ ಇಳಿದು ಬರುವಾಗ ಮಳೆಯಲ್ಲಿ ನೆನೆದು, ಇಪ್ಪತ್ತು ದಿನ ಜ್ವರದಲ್ಲಿ ಮಲಗಿದಳು. ಈ ವರ್ಷ ಅವಳು ಬಸುರಿ. ಆದರೂ ಏಲಕ್ಕಿ ತೋಟಕ್ಕೆ ಹೋಗುವುದು ಬಿಡಲಿಲ್ಲ.

ದಾರಿಹೋಕರು ತಂಗಲು ಒಂದು ಸಾವಡಿ ಕಟ್ಟಿಸಿಕೊಡಿ ಎಂದು ಊರವರು ಸರ್ಕಾರಕ್ಕೆ ಅರ್ಜಿ ಹಾಕಿದರು. ದಿನಕ್ಕೆ ಇನ್ನೂರು ಜನ ಹತ್ತುವುದು ನಿಜವಾದರೆ ಕಟ್ಟಿಸುತ್ತೇವೆ ಎಂದು ಉತ್ತರ ಬಂತು. ಇದೇ ವರ್ಷ, ಸಾವಿರದ ಎಂಟುನೂರ ತೊಂಬತ್ತನಾಲ್ಕರ ವೈಕಾಶಿ ತಿಂಗಳಲ್ಲಿ, ಎಣಿಸಲು ದಿಂಡುಗಲ್ಲಿನಿಂದ ಜೆಯರಾಜ್ ಎಂಬ ಗುಮಾಸ್ತರು ಬಂದರು. ಮನೆಮನೆಗೆ ಹೋಗಿ ಗಂಡಸರನ್ನು ಕೇಳಿದರು. ಹೆಂಡತಿ ಗಡಿ ದಾಟಿ ಕೂಲಿಗೆ ಹೋಗುತ್ತಾಳೆ ಎನ್ನಲು ಎಲ್ಲರಿಗೂ ನಾಚಿಕೆ. ನಮ್ಮ ಹೆಂಗಸರು ಮನೆಯಲ್ಲೇ ಇರುತ್ತಾರೆ ಎಂದರು. ಗುಮಾಸ್ತರು ಹಾಗೇ ಬರೆದುಕೊಂಡು ಘಟ್ಟದ ಬುಡಕ್ಕೆ ಬಂದರು.

"ಅರವತ್ತೊಂದೇ ಜನ. ಸಾವಡಿ ಆಗೋದಿಲ್ಲಮ್ಮ."

ಮೂಕಮ್ಮಾಳ್ ಪೊರಕೆ ಕೆಳಗಿಟ್ಟರು. "ಅರವತ್ತೊಂದಾ ಸಾಮಿ? ಅಷ್ಟು ಸೊಪ್ಪು ನನ್ನ ಕರೀ ಆಡು ಒಂದೇ ತಿಂದಾಕ್ತೈತೆ. ಗಂಡಸ್ರ ಬಾಯಿ ನಂಬಿದ್ರೆ ಇಂಗೇ. ನಾಳೆ ಇಲ್ಲೇ ಕುಂತ್ಕೊಳ್ಳಿ. ಆಡು ಕಟ್ಟಾಕ್ತೀನಿ, ಸೊಪ್ಪು ಎಣ್ಸಿ."

ಮರುದಿನ ಇನ್ನೂರ ಹತ್ತೊಂಬತ್ತು ಕಡ್ಡಿ ಸಿಕ್ಕವು. ಊರಿನ ಮುಖ್ಯಸ್ಥ, ಮಣಿಯಗಾರ ಪಿಚ್ಚೈ ಅಲ್ಲೇ ನಿಂತು ನಗುತ್ತಿದ್ದರು. ಜೆಯರಾಜ್ ಲೇಖನಿಯನ್ನು ಮಸಿಗೆ ಅದ್ದಿದರು. ಆದರೆ ಬೆಳಿಗ್ಗೆ ತಂಗಮ್ಮಾಳ್ ಎರಡು ಕಡ್ಡಿ ಇಟ್ಟದ್ದನ್ನು ಮೂಕಮ್ಮಾಳ್ ನೋಡಿದ್ದರು.

"ಬರೀಬ್ಯಾಡಿ ಸಾಮಿ. ಬಸ್ರಿ ಎಂಗಸ್ರು ಎಲ್ಡು ಇಡ್ತಾರೆ. ಒಟ್ಟೇಲಿರೋ ಕೂಸಿಗೂ ಒಂದು. ನಂಗೆ ಮೊದ್ಲೇ ಒಳೀಲಿಲ್ಲ."

"ಅಕ್ಕಾ, ನಿನ್ನ ಯಾರು ಕೇಳಿದ್ದು?" ಎಂದರು ಪಿಚ್ಚೈ. "ಇನ್ನೂರು ದಾಟೈತೆ. ಸುಮ್ನಿರಬಾರ್ದಾ?"

"ನಾಳೆ ಇನ್ನೊಬ್ರು ಬಂದು ಎಣಿಸ್ತಾರೆ ತಂಬಿ. ಸುಳ್ಳು ಕಣಕ್ಕು, ಸುಳ್ಳು ಲೆಕ್ಕ ಅಂತ ಸಾವಡಿ ನಿಲ್ಲಿಸ್ತಾರೆ. ಆಮೇಲೆ ನನ್ ಸೊಸೆ ಎಲ್ಲಿ ನಿಲ್ಲೋದು, ನಿನ್ ತಲೆ ಮೇಲಾ?"

ಕೂಸಿನ ಪಾಲಿನ ಸೊಪ್ಪು ಇಡಬೇಡಿ ಎಂದರೆ ಯಾವ ಬಸುರಿಯೂ ಕೇಳುವುದಿಲ್ಲ. ಅದಕ್ಕೆ ಮೂಕಮ್ಮಾಳ್ ಮೂರನೇ ದಿನ ಮುಂಜಾನೆಯೇ ದಾರಿಯಲ್ಲಿ ನಿಂತು, ನಿಮ್ಮದು ಬಲಕ್ಕೆ ಇಡಿ, ಕೂಸಿನದು ಎಡಕ್ಕೆ ಇಡಿ ಎಂದು ಒಬ್ಬೊಬ್ಬರಿಗೂ ಹೇಳಿದರು. ಹಿಟ್ಟಿನ ಗಂಟು ಹೊತ್ತವರು ವಾರ ಮೇಲೇ ಇರುತ್ತಾರೆ, ಗಂಜಿ ಗಡಿಗೆಯವರು ಸಂಜೆಗೆ ಇಳಿಯುತ್ತಾರೆ ಎಂದು ಗುಮಾಸ್ತರಿಗೆ ತೋರಿಸಿಕೊಟ್ಟರು.

ಹೊತ್ತೇರಿತು. ಬಲಗಡೆಯದು ನೂರ ತೊಂಬತ್ತಕ್ಕೆ ನಿಂತಿತು. ಮೂಕಮ್ಮಾಳ್ ದಾರಿ ನೋಡುತ್ತಾ ಕೂತರು. ಆಮೇಲೆ ಕೂಸುಗಳಿಗೆ ಹಾಲುಣಿಸಿ ತಡವಾಗಿ ಹೊರಟ ತಾಯಂದಿರು ಗುಂಪಾಗಿ ಬಂದರು. ಹದಿಮೂರು ಜನ.

ಇನ್ನೂರ ಮೂರು. ಗಂಡಸರು ಅರವತ್ತೊಂದು, ಹೆಂಗಸರು ನೂರ ನಲವತ್ತೆರಡು. ಜೆಯರಾಜ್ ಅದನ್ನೇ ಬರೆದು ಕಳಿಸಿದರು. ಒಪ್ಪಿಗೆ ಬಂತು. ಗೋಡೆ ಈಗ ಎದೆಯುದ್ದ ಎದ್ದಿದೆ. ದೊಡ್ಡ ಮಳೆಗೆ ಮುಂಚೆ ಸೂರು ಮುಚ್ಚುತ್ತೇವೆ ಎಂದು ಮೇಸ್ತ್ರಿ ಹೇಳಿದ್ದಾರೆ. ತಂಗಮ್ಮಾಳ್ ದಿನವೂ ಇಳಿಯುವಾಗ ಗೋಡೆ ಮುಟ್ಟಿ ನೋಡಿ ಹೋಗುತ್ತಾಳೆ.

ನೀವು ಗೂಡಲೂರು ಕಡೆ ಬಂದರೆ ಮೂಕಮ್ಮಾಳ್ ಅವರನ್ನು ಕಂಡು ಮಾತಾಡಿಸಿ. ಮಧ್ಯಾಹ್ನ ಅಲ್ಲೇ ಇರುತ್ತಾರೆ. ಕಿವಿ ಸ್ವಲ್ಪ ಮಂದ. ಗಟ್ಟಿಯಾಗಿ ಕೂಗಿ.