ಬೆನ್ನು ಹಚ್ಚದ ಪೈಲ್ವಾನ

ಕೋವಿಡ್ ಇಳಿದ ಮರುವರ್ಷ ನಾನು ಗದಗ-ಬೆಟಗೇರಿಯ ಆಸ್ಪತ್ರೆಯೊಂದರ ಕ್ಯಾಜುವಾಲ್ಟಿಯಲ್ಲಿ ವೈದ್ಯನಾಗಿದ್ದೆ. ಒಂದು ಮಧ್ಯಾಹ್ನ ಟೆಂಪೊವೊಂದು ಬಾಗಿಲಿಗೇ ಗುದ್ದುವಂತೆ ಬಂದು ನಿಂತಿತು. ಅದರೊಳಗಿಂದ ಇಬ್ಬರು ಪೈಲ್ವಾನರನ್ನು ಇಳಿಸಿದರು: ಶಿರಹಟ್ಟಿಯ ಫಕೀರಪ್ಪ, ಮುಂಡರಗಿಯ ಈರಣ್ಣ. ಹಳೆಯ ಗೆಳೆಯರು. ಲಕ್ಷ್ಮೇಶ್ವರದ ಕುಸ್ತಿ ಕಣದಲ್ಲಿ ಈರಣ್ಣನ ಕೈಯಲ್ಲಿ ಫಕೀರಪ್ಪನ ಬೆನ್ನು ಮಣ್ಣಿಗೆ ಹತ್ತಿ ಅವನು ಸೋತನೋ ಇಲ್ಲವೋ ಎಂದು ಶುರುವಾದ ಮಾತು ಬಡಿದಾಟಕ್ಕೆ ತಿರುಗಿ, ಕಣದ ಮಣ್ಣು ಕೆದರುವ ಸನಿಕೆಗಳೇ ಆಯುಧಗಳಾಗಿದ್ದವು.

ಈರಣ್ಣನ ನೆತ್ತಿ ಸೀಳಿತ್ತು, ಒಂದು ಕಿವಿ ಜೋತುಬಿದ್ದಿತ್ತು. ರಕ್ತ ಉಗುಳುತ್ತಲೇ ಬೈಯುತ್ತಿದ್ದ. ಫಕೀರಪ್ಪನ ಮೈಮೇಲೆ ಒಂದು ಹನಿ ರಕ್ತವಿಲ್ಲ. ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದ.

"ಗೆಳ್ಯಾನ ತಲಿ ಒಡದೆ ಅಂತ ಶಾಕ್ ಆಗೇತ್ರಿ ಅವಗ," ಎಂದಳು ಅವನ ಹೆಂಡತಿ ಗಂಗವ್ವ.

ಕೈ ಹಿಡಿದು ನೋಡಿದೆ. ತಣ್ಣಗೆ ಬೆವೆತಿತ್ತು, ನಾಡಿ ದಾರದೆಳೆಯಂತೆ ಓಡುತ್ತಿತ್ತು. ಹೊಟ್ಟೆ ಹಲಗೆಯಷ್ಟು ಗಟ್ಟಿ. ಈರಣ್ಣನ ಸನಿಕೆಯ ಹಿಡಿಯ ಪೆಟ್ಟಿಗೆ ಒಳಗೆ ಸ್ಪ್ಲೀನ್, ಅಂದರೆ ಗುಲ್ಮ, ಒಡೆದಿತ್ತು. ಮನಸ್ಸಿಗೆ ಬಿದ್ದ ಪೆಟ್ಟಿಗೆ ಜನ ಶಾಕ್ ಅನ್ನುತ್ತಾರೆ. ವೈದ್ಯರ ಶಾಕ್ ಬೇರೆ: ರಕ್ತ ಸೋರಿ, ಬಿಪಿ ಕುಸಿದು, ಜೀವ ಒಳಗೊಳಗೇ ಆರುವುದು. ಮೊದಲು ಅಂಗಾತ ಮಲಗಿಸಿ ಡ್ರಿಪ್ ಏರಿಸಬೇಕು, ಕೂಡಲೇ ಆಪರೇಶನ್ ಆಗಬೇಕು.

"ಇಂವನ ಮುಂದ ಬೆನ್ನ ಹಚ್ಚಂಗಿಲ್ರಿ," ಎಂದ ಫಕೀರಪ್ಪ, ಈರಣ್ಣನ ಮೇಲಿಟ್ಟ ಕಣ್ಣು ಕೀಳದೆ. "ಕುಂತ ಸಾಯ್ತೀನಿ."

ಹಿಡಿಯಲು ಹೋದ ವಾರ್ಡ್‌ಬಾಯ್ ಗೋಡೆಗೆ ಹೋಗಿ ಬಿದ್ದ. ಡ್ರಿಪ್ ಸ್ಟ್ಯಾಂಡ್ ಉರುಳಿ ಬಾಟಲಿ ಚೂರಾಯಿತು. ಫಕೀರಪ್ಪ ಒದ್ದಾಡಿದಷ್ಟೂ ಒಳಗೆ ರಕ್ತ ಹರಿಯುತ್ತದೆ. ಈರಣ್ಣನನ್ನು ಹೊರಗೆ ಒಯ್ಯಿರಿ ಎಂದು ಕೂಗಿದೆ.

"ಹೊರಗ ಹೋದ್ರ ಕಿಡಿಕ್ಯಾಗ ಹಣಿಕಿ ಹಾಕ್ತಾನ್ರಿ, ಹಲ್ಕಟ್!" ಎಂದ ಫಕೀರಪ್ಪ. ಅವನ ತುಟಿ ಬೆಳ್ಳಗಾಗುತ್ತಿತ್ತು.

ಗಂಗವ್ವ ಈರಣ್ಣನತ್ತ ತಿರುಗಿದಳು. "ಈರಣ್ಣಾ, ನಿನಗ ಗೆಲುವು ಬೇಕೋ, ಗೆಳ್ಯಾ ಬೇಕೋ? ಜಲ್ದಿ ಹೇಳು."

ಈರಣ್ಣನ ತಲೆಗೆ ನರ್ಸ್ ಹಾಕುತ್ತಿದ್ದ ಹೊಲಿಗೆ ಅರ್ಧಕ್ಕೇ ನಿಂತಿತ್ತು. ದಾರ ನೆತ್ತಿಯಿಂದ ನೇತಾಡುತ್ತಿತ್ತು. ಈರಣ್ಣ ನರ್ಸಿನ ಕೈ ಸರಿಸಿ ಮಂಚದಿಂದ ಕೆಳಗಿಳಿದ. ತನ್ನದೇ ರಕ್ತ ಬಿದ್ದ ನೆಲದ ಮೇಲೆ ಎರಡೂ ತೋಳು ಚಾಚಿ ಅಂಗಾತ ಮಲಗಿದ.

"ನೋಡ್ಲೇ ಫಕ್ಕೀರ್ಯಾ, ಎರಡೂ ಭುಜ ಹತ್ಯಾವು. ನಾ ಚಿತ್ ಆದೆ. ಅದೂ ಫಿನೈಲ್ ನೆಲದಾಗ! ಈಗರ ಮಲಗ್ಲೇ."

"ಖರೇನ್ರಿ, ಸಾಹೇಬ್ರ?" ಎಂದು ಫಕೀರಪ್ಪ ನನ್ನನ್ನು ಕೇಳಿದ.

ನಾನು ಬಗ್ಗಿ, ಸೋಲು ಸಾರುವ ಕುಸ್ತಿಯ ಪಂಚರಂತೆ ನೆಲಕ್ಕೆ ಅಂಗೈ ಬಡಿದೆ. ಫಕೀರಪ್ಪ ಸ್ಟ್ರೆಚರಿನ ಮೇಲೆ ಬೆನ್ನು ಚೆಲ್ಲಿದ.

ಸ್ಪ್ಲೀನ್ ಹೋಯಿತು, ಜೀವ ಉಳಿಯಿತು. ಎಚ್ಚರವಾದಾಗ ಅವನ ಮೊದಲ ಮಾತು: "ಈರ್ಯಾನ ಕಿವಿ ಉಳೀತೇನ್ರಿ?"

ಗೆಳೆಯನ ತಲೆ ಒಡೆದ ಶಾಕ್ ಎಂದು ಗಂಗವ್ವ ಹೇಳಿದ್ದೂ ಸುಳ್ಳಾಗಿರಲಿಲ್ಲ. ಅಂದಿನಿಂದ ಯಾರಾದರೂ "ಶಾಕ್ ಆಗೇತ್ರಿ" ಎಂದರೆ ಮೊದಲು ನಾಡಿ ಹಿಡಿಯುತ್ತೇನೆ. ಹಿಡಿದುಕೊಂಡೇ, ರೋಗಿಯ ಕಣ್ಣು ಯಾರ ಮೇಲಿದೆ ಎಂದು ತಿರುಗಿ ನೋಡುತ್ತೇನೆ.