ಫೋನಿನಲ್ಲಿ ವಿಚಾರಿಸುವವರು

ನಮ್ಮ ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಅಂಗಳಕ್ಕೆ ಬಂದು ತೆಂಗಿನಮರದ ಕಡೆ ಮುಖ ಮಾಡಿ ನಿಂತರೆ ಒಂದೆರಡು ಕಡ್ಡಿ ಬರುತ್ತದೆ, ಮಾತು ಶುರುವಾಗುವಷ್ಟರಲ್ಲಿ ಹೋಗಿಬಿಡುತ್ತದೆ. ಹಾಗಾಗಿ ಊರಿನವರೆಲ್ಲ ಲ್ಯಾಂಡ್‌ಲೈನ್ ಕಿತ್ತು ಬಿಸಾಕಿದ ಮೇಲೂ ನಾವು ಇಟ್ಟುಕೊಂಡಿದ್ದೇವೆ. ಹೊಂಗನೂರಿನಿಂದಾಚೆ ಇರುವ ನಮ್ಮ ಊರಿಗೆ ಚನ್ನಪಟ್ಟಣದ ಬಸ್ಸು ಆಗಾಗ ತಪ್ಪುತ್ತದೆ, ಏನಾದರೂ ಮಾರುವವರ ಫೋನು ಮಾತ್ರ ತಪ್ಪುವುದಿಲ್ಲ. ಹೈವೇ ಪಕ್ಕದ ಸೈಟು, ಸೋಲಾರ್ ಹೀಟರು, ಮಂಡಿನೋವಿನ ಎಣ್ಣೆ, ಕೇಳದೇ ಕೊಡುವ ಸಾಲ. ನಾನು ಮೊದಲೇ ಅನುಮಾನದ ಪ್ರಾಣಿ, ಮೇಲೆ ಮುಂಗೋಪಿ. ಫೋನು ಎತ್ತಿ ಎರಡು ಮಾತು ಕೇಳಿದರೆ ಸಾಕು, ಮಾರುವವನೋ ನಮ್ಮವನೋ ಎಂದು ಹೇಳಿಬಿಡುತ್ತಿದ್ದೆ.

ನಮ್ಮವರಾದರೆ ಮೊದಲು ಊಟ ಆಯಿತಾ ಎನ್ನುತ್ತಾರೆ. ಮಾರುವವರು ಮೊದಲು ನನ್ನ ಪೂರ್ತಿ ಹೆಸರು ಹೇಳುತ್ತಾರೆ, ಅಪ್ಪನ ಇನಿಷಿಯಲ್ ಸಮೇತ. ನನ್ನನ್ನು ಈ ಸೀಮೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಇನಿಷಿಯಲ್ ಕಿವಿಗೆ ಬಿದ್ದ ತಕ್ಷಣ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಆಮೇಲೆ ನಾನು ಆಡುತ್ತಿದ್ದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಈ ಬೈಗುಳಕ್ಕೆ ತಡೆ ಬಿದ್ದದ್ದು ತಂಗಿಗೆ ಸಂಬಂಧ ಬಂದಾಗ. ಕನಕಪುರ ತಾಲ್ಲೂಕಿನಲ್ಲಿ, ಸಾತನೂರಿನ ಹತ್ತಿರದ ಮನೆ. ರೇಷ್ಮೆ, ಹಸು, ನಾಲ್ಕು ಜನಕ್ಕೆ ಬೇಕಾದವರು. ಸಂಬಂಧ ತಂದ ಸೋದರಮಾವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ, "ನೋಡ್ಲಾ, ಅವ್ರು ಬಲೇ ವಿಚಾರ್ಸೋ ಜನ. ಫೋನೂ ಮಾಡ್ತಾರೆ, ಯಾರು ಅಂತ ಹೇಳಾಕಿಲ್ಲ. ನೀನು ಒಸಿ ಬಾಯಿ ಬಿಗಿ ಹಿಡ್ಕಂಡಿರು."

ನಮ್ಮ ಕಡೆ ಹೆಣ್ಣು ನೋಡುವ ಮುಂಚೆ ಕದ್ದು ವಿಚಾರಿಸುವುದು ಪದ್ಧತಿ. ಹೋಟೆಲಿನಲ್ಲಿ ಕೇಳುತ್ತಾರೆ, ಡೇರಿಯಲ್ಲಿ ಕೇಳುತ್ತಾರೆ. ನನ್ನ ಮದುವೆಗೆ ಮುಂಚೆ ಇದೇ ಮಾವ ಮಾಗಡಿ ಕಡೆಯ ನನ್ನ ಹೆಂಡತಿಯ ಊರಿಗೆ ಎತ್ತು ಕೊಳ್ಳುವವನಂತೆ ಹೋಗಿ, ಅವರ ಕೊಟ್ಟಿಗೆಯಲ್ಲಿ ಅರ್ಧ ದಿನ ಕೂತು, ಮನೆಯವರ ಮಾತೆಲ್ಲ ಕೇಳಿಸಿಕೊಂಡು ಬಂದಿದ್ದ. ಅಂಥ ಕೆಲಸ ಮಾಡಿದವರು ನಾವೇ ಆದ್ದರಿಂದ ಬೇರೆಯವರು ಏನೇನು ಮಾಡಬಹುದು ಎಂಬ ಅಂದಾಜು ನಮಗೆ ಚೆನ್ನಾಗಿಯೇ ಇತ್ತು.

ಅವ್ವನಿಗೆ ಭಯ ಇದ್ದದ್ದು ಒಂದೇ ವಿಚಾರಕ್ಕೆ. ತಂಗಿಯ ಎಡಗಾಲಿನ ಮೇಲೆ ಅಂಗೈಯಗಲದ ಬಿಳಿ ಮಚ್ಚೆ ಇದೆ. ಅಂಟುವಂಥದ್ದಲ್ಲ, ನೋವಿಲ್ಲ, ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಜನ ಅದಕ್ಕೆ ತೊನ್ನು ಎನ್ನುತ್ತಾರೆ, ಆ ಮಾತು ಒಮ್ಮೆ ಹೊರಗೆ ಬಿದ್ದರೆ ಯಾವ ಸಂಬಂಧವೂ ನಿಲ್ಲುವುದಿಲ್ಲ. ಹೊರಗೆ ಹೋಗುವಾಗ ತಂಗಿ ಕಾಲುಚೀಲ ಹಾಕಿ ಮುಚ್ಚಿಕೊಳ್ಳುತ್ತಾಳೆ, ರೇಷ್ಮೆಹುಳ ಸಾಕುವ ಮನೆಯೊಳಗೆ ಚಪ್ಪಲಿ, ಕಾಲುಚೀಲ ಹಾಕುವಂತಿಲ್ಲ. ನಮ್ಮ ಹುಳ ನೋಡಿಕೊಳ್ಳುವವಳು ತಂಗಿಯೇ, ದಿನವೆಲ್ಲ ಬರಿಗಾಲಲ್ಲೇ ಓಡಾಡುತ್ತಾಳೆ. ಅದಕ್ಕೇ ಅವ್ವ, ಹೊರಗಿನವರು ಬಂದರೆ ಹುಳಕ್ಕೆ ರೋಗ ತಗಲುತ್ತದೆ ಎಂದು ನೆಪ ಹೇಳಿ, ನೆರೆಹೊರೆಯವರನ್ನು ಆ ಬಾಗಿಲಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲ.

ಮಾವ ಹೋದ ಮೇಲೆ ಫೋನಿನ ಯಜಮಾನಿಕೆ ಅವ್ವನ ಕೈಗೆ ಹೋಯಿತು. ಒಂದು ಮಧ್ಯಾಹ್ನ ಗಂಡಸಿನ ದನಿಯೊಂದು ಮನೆಯಲ್ಲಿ ಎಷ್ಟು ಜನ ಎಂದು ಕೇಳಿತು. ಅವ್ವ ರಿಸೀವರನ್ನು ಕಿವಿಯಿಂದ ದೂರ ಹಿಡಿಯುವುದರಿಂದ ಅದರ ಮಾತು ನಮಗೆಲ್ಲ ಕೇಳುತ್ತದೆ.

"ನಾಕ್ ಜನ ಕಣಪ್ಪ. ನಾನು, ಮಗ, ಸೊಸೆ, ಮಗಳು. ಎಲ್ರೂ ಗಟ್ಟಿಮುಟ್ಟಾಗವ್ರೆ."

"ಸ್ವಂತ ಮನೆಯಾ ಮೇಡಂ?"

"ಸ್ವಂತದ್ದೇ. ತಾರಸಿ ಹಾಕ್ಸಿದ್ದೀವಿ."

"ಯಾರಿಗಾದರೂ ಶುಗರ್, ಬಿಪಿ?"

ಬೆಳಗ್ಗೆ ತಾನೇ ಶುಗರ್ ಮಾತ್ರೆ ನುಂಗಿದ್ದ ಅವ್ವ, "ನಮ್ ವಂಸ್ದಾಗೇ ಇಲ್ಲ" ಎಂದಳು.

"ಚರ್ಮದ ಕಾಯಿಲೆ ಏನಾದರೂ?"

ಅವ್ವ ಗಾಬರಿಯಿಂದ ನನ್ನ ಮುಖ ನೋಡಿದಳು. "ಅಯ್ಯೋ ಬುಡಪ್ಪ, ಅಂಥದ್ದೆಲ್ಲ ನಮ್ಮನ್ಯಾಗೆ ಎಲ್ ಬಂತು!"

ಹಿಪ್ಪುನೇರಳೆ ಸೊಪ್ಪಿನ ಪುಟ್ಟಿ ಹೊತ್ತು ಬಾಗಿಲಲ್ಲಿ ನಿಂತಿದ್ದ ತಂಗಿಗೂ ಇದೆಲ್ಲ ಕೇಳಿಸಿತು. ಅವಳು ಸೀದಾ ಹುಳದ ಮನೆಗೆ ಹೋದಳು.

ಭಾನುವಾರ ತಮ್ಮ ಕಡೆಯವರೊಬ್ಬರು ಬಂದು ಮಾತಾಡುತ್ತಾರೆ ಎಂದು ಹೇಳಿ ಅವನು ಫೋನಿಟ್ಟ. ಅವನ ಮಾತಿನ ನಯವೇ ನನಗೆ ಹಿಡಿಸಿರಲಿಲ್ಲ. ಇವನು ಮಾರುವವನೇ ಎಂದೆ.

"ನಿಂಗೆ ಎಲ್ರ ಮ್ಯಾಲೂ ಅನ್ಮಾನ. ಮಾರೋರು ಚರ್ಮದ ವಿಚಾರ ಯಾಕ್ಲಾ ಕೇಳ್ತಾರೆ?" ಎಂದಳು ಅವ್ವ. ಊರಲ್ಲಿ ಯಾರೋ ಕಡ್ಡಿ ಆಡಿಸಿದ್ದಾರೆ ಎಂಬ ಅನುಮಾನ ನನ್ನೊಳಗೂ ಹೊಕ್ಕಿತು. ಆಮೇಲೆ ಡೇರಿಗೆ ಹಾಲು ಹಾಕಲು ಹೋದಾಗ ಅಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ನೋಡಿದೆ. ಎಲ್ಲರೂ ಕಳ್ಳರಂತೆಯೇ ಕಂಡರು.

ಭಾನುವಾರ ರಾಮನಗರದಿಂದ ಬೈಕಿನಲ್ಲಿ ಟೈ ಕಟ್ಟಿಕೊಂಡ ಯುವಕನೊಬ್ಬ ಬಂದ. ಅವ್ವ ಕೇಸರಿಬಾತು, ಬೋಂಡ ಇಟ್ಟಳು. ಅವನಿಗೆ ಯಾವ ಮನೆಯಲ್ಲೂ ಇಂಥ ಉಪಚಾರ ಆಗಿರಲಿಲ್ಲವೇನೋ, ಎರಡನೇ ಸಲ ಹಾಕಿಸಿಕೊಂಡು ತಿಂದ. ಕೈ ತೊಳೆದು ಬಂದವನೇ ಬ್ಯಾಗಿನಿಂದ ಆರೋಗ್ಯ ವಿಮೆಯ ಬಣ್ಣದ ಕಾಗದಗಳನ್ನು ತೆಗೆದು ಹರಡಿದ. ನಾನು ಬೈಯಲು ಎದ್ದೆ. ಅವ್ವ ಕಣ್ಣಲ್ಲೇ ಗದರಿ ಕೂರಿಸಿದಳು. ನಮ್ಮ ಮಾವ ಎತ್ತು ಕೊಳ್ಳುವವನಾಗಿ ಹೋಗಿದ್ದನಲ್ಲ, ಹಾಗೆ ಇವನೂ ವಿಮೆಯವನ ವೇಷದಲ್ಲಿ ಬಂದಿರಬಹುದು ಎಂದು ಅವಳ ಲೆಕ್ಕ.

"ಅಮ್ಮ, ಇರೋ ಕಾಯಿಲೆ ಈಗಲೇ ಹೇಳಿಬಿಡಿ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ನಮ್ಮ ಕಡೆಯವರು ಒಪ್ಪಲ್ಲ" ಎಂದ ಅವನು. ಅವ್ವ ಏನೂ ಇಲ್ಲ, ಏನೂ ಇಲ್ಲ ಎಂದು ತಲೆಯಾಡಿಸುತ್ತಲೇ ಇದ್ದಳು. ಅವನು ಪಕ್ಕದ ಮನೆಗೂ ಹೋಗಿ ಅದೇ ಕಾಗದ ಹರಡಿ ಅದೇ ಮಾತು ಒಪ್ಪಿಸಿದ್ದು ಗೊತ್ತಾದ ಮೇಲೆಯೇ ಅವಳಿಗೆ ಅವನು ವಿಮೆಯವನು ಎಂದು ನಂಬಿಕೆ ಬಂದದ್ದು. ನಾನೂ ನನ್ನ ಹೆಂಡತಿಯೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ತಂಗಿ ನಗಲಿಲ್ಲ.

ಆ ವಾರ ಹುಳ ಕೊನೆಯ ಸಲ ಪೊರೆ ಬಿಟ್ಟು, ನಮ್ಮ ಮಾತಿನಲ್ಲಿ ಹೇಳುವುದಾದರೆ ಕೊನೆಯ ಜ್ವರದಿಂದ, ಎದ್ದಿದ್ದವು. ಆ ಹೊತ್ತಿನಲ್ಲಿ ಎಷ್ಟು ಸೊಪ್ಪು ಹಾಕಿದರೂ ಸಾಲದು, ಮನೆಮಂದಿಯೆಲ್ಲ ಅದರಲ್ಲೇ ಮುಳುಗಿರಬೇಕು. ಅಂಥದ್ದರಲ್ಲಿ ಫೋನು ಬಡಿದುಕೊಂಡಿತು. ಇನ್ನು ನೀನೇ ನೋಡಿಕೋ ಎಂದಳು ಅವ್ವ. ಎತ್ತಿದರೆ ಒಬ್ಬ ಹೆಂಗಸು. ಹೆಸರೂ ಹೇಳಲಿಲ್ಲ, ಊಟವನ್ನೂ ಕೇಳಲಿಲ್ಲ. "ನಿಮ್ಮನ್ಯಾಗೆ ಯಾರ್‌ಗಾದ್ರೂ ಕಾಯ್ಲೆ ಕಸಾಲೆ ಐತಾ?" ಎಂದು ನೇರವಾಗಿ ನಮ್ಮ ಮಾತಿನಲ್ಲೇ ಕೇಳಿದಳು. ನಮ್ಮ ಮಾತು ಕಲಿತ ಮಾರುವವಳೋ, ಮಾರುವವಳ ಥರ ಕೇಳುವ ಗಂಡಿನ ಕಡೆಯವಳೋ ತಿಳಿಯಲಿಲ್ಲ. ನಾನು ರಿಸೀವರಿಗೆ ಅಂಗೈ ಮುಚ್ಚಿ ಅವ್ವನಿಗೆ ಹೇಳಿದೆ. "ಇಲ್ಲ ಅನ್ನು" ಎಂದು ಪಿಸುಗುಟ್ಟಿದಳು. ಇಲ್ಲ ಎಂದೆ.

ತಂಗಿ ಸೊಪ್ಪಿನ ಕೈಯಲ್ಲೇ ಬಂದು ರಿಸೀವರ್ ಕಿತ್ತುಕೊಂಡಳು.

"ನಾನು ಈ ಮನೆ ಹುಡುಗಿ ಮಾತಾಡ್ತಾ ಇವ್ನಿ. ನಮ್ಮವ್ವಂಗೆ ಶುಗರ್ ಐತೆ. ನಮ್ಮಣ್ಣಂಗೆ ಮೂಗಿನ್ ತುದೀಲಿ ಕ್ವಾಪ ಐತೆ. ನನ್ನ ಎಡಗಾಲ್ ಮ್ಯಾಲೆ ಬಿಳೀ ಮಚ್ಚೆ ಐತೆ, ತೊನ್ನು ಅಂತಾರಲ್ಲ, ಅದು. ಇನ್ನೇನಾರ ಕೇಳಾದಿದ್ರೆ ಕೇಳಿ."

ಆ ಕಡೆಯವಳು ಫೋನು ಇಟ್ಟುಬಿಟ್ಟಳು.

ಸಂಜೆ ಮಾವ ಫೋನು ಮಾಡಿದ. ವಿಚಾರಿಸಿದವಳು ಹುಡುಗನ ಅಕ್ಕನೇ. ಸಂಬಂಧ ಬೇಡ ಎಂದು ಹೇಳಿ ಕಳಿಸಿದ್ದರು. ಅವ್ವ ನೆಲದ ಮೇಲೆ ಕುಸಿದು ಕೂತು ಅತ್ತಳು. ನನಗೆ ತಂಗಿಯ ಮೇಲೆ ಸಿಟ್ಟು ಬಂತು.

"ಯಾರೋ ಮಾರೋಳು ಅನ್ಕಂಡು ಎಲ್ಲಾ ಹೇಳ್ಬುಟ್ಟೇನೇ? ನಿನ್ ಬಾಯಿಂದ್ಲೇ ಕೆಡಿಸ್ಕಂಡೆಯಲ್ಲೇ" ಎಂದಳು ಅವ್ವ.

ತಂಗಿ ಕೈಗೆ ಅಂಟಿದ ಸೊಪ್ಪನ್ನು ಕೊಡವಿಕೊಂಡಳು. ದನಿ ಏರಿಸಲಿಲ್ಲ.

"ಯಾರು ಅಂತ ಗೊತ್ತಿದ್ರೂ ಹೇಳ್ತಿದ್ದೆ ಕಣವ್ವ. ಫೋನ್ ಮಾಡಿ ಮಾರೋರ್‌ನ ಅಣ್ಣ ಬಾಯಿಗ್ ಬಂದಂಗೆ ಬೈತಾನೆ. ಫೋನ್ ಎತ್ಕಂಡು ನನ್ನ ಮಾರ್ತಾ ಇದ್ರಲ್ಲ ನೀವು, ನಿಮ್ಮನ್ನ ಯಾರು ಬೈಬೇಕು?"